ಹುಳಿ ಮಣ್ಣಿಗೆ ಸುಣ್ಣ: ಯಾಕೆ, ಎಷ್ಟು, ಯಾವಾಗ

ತೋಟಕ್ಕೆ ಸುಣ್ಣ ಹಾಕಬೇಕು ಅನ್ನೋದು ಮಲೆನಾಡು, ಕರಾವಳಿಯ ಕೃಷಿಕರಿಗೆ ಹೊಸ ವಿಷಯ ಅಲ್ಲ. ಆದರೆ ಎಷ್ಟು, ಯಾವಾಗ, ಯಾಕೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಒಬ್ಬರು ಪ್ರತಿ ವರ್ಷ ಬುಡಕ್ಕೆ ಒಂದು ಬೊಗಸೆ ಹಾಕುತ್ತಾರೆ. ಇನ್ನೊಬ್ಬರು ಹತ್ತು ವರ್ಷದಿಂದ ಹಾಕೇ ಇಲ್ಲ. ಮತ್ತೊಬ್ಬರು ಪಕ್ಕದ ತೋಟದವರು ತರಿಸಿದರು ಅಂತ ತಾವೂ ಒಂದು ಲೋಡು ಇಳಿಸಿಕೊಳ್ಳುತ್ತಾರೆ. ಮೂವರ ಹತ್ತಿರವೂ ಮಣ್ಣು ಪರೀಕ್ಷೆಯ ವರದಿ ಇರುವುದಿಲ್ಲ.

ಸುಣ್ಣದಿಂದ ಆಗುವ ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ. ಯೂರಿಯಾ ಹಾಕಿದರೆ ಹದಿನೈದು ದಿನಕ್ಕೆ ಎಲೆ ಹಸಿರಾಗುತ್ತೆ, ಕೊಟ್ಟ ದುಡ್ಡು ಕಾಣಿಸುತ್ತೆ. ಸುಣ್ಣ ಹಾಕಿದರೆ ಮೇಲೆ ಏನೂ ಕಾಣಲ್ಲ. ಕೆಳಗೆ ಬೇರಿನ ತುದಿಯಲ್ಲಿ ಬದಲಾವಣೆ ಆಗುತ್ತೆ. ಅಲ್ಲಿ ಏನು ನಡೆಯುತ್ತೆ ಅಂತ ಗೊತ್ತಾದರೆ ಎಷ್ಟು ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದು ತಾನಾಗಿ ತಿಳಿಯುತ್ತೆ.

ಮಣ್ಣು ಹುಳಿಯಾಗುವುದು ಹೇಗೆ

ಮಣ್ಣಿನ ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ. ಕೃಷಿ ಇಲಾಖೆಯ ಕಾಗದದಲ್ಲಿ ಇದನ್ನೇ ರಸಸಾರ ಅಂತ ಬರೆದಿರುತ್ತಾರೆ. 7 ಅಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅದಕ್ಕಿಂತ ಕೆಳಗೆ ಹೋದಷ್ಟೂ ಹುಳಿ ಜಾಸ್ತಿ. ಇಲ್ಲಿ ಒಂದು ವಿಷಯ ಗಮನಿಸಬೇಕು. 6 ಇದ್ದದ್ದು 5 ಆಯಿತು ಅಂದರೆ ಹುಳಿ ಸ್ವಲ್ಪ ಏರಿತು ಅಂತಲ್ಲ, ಹತ್ತು ಪಟ್ಟು ಏರಿತು ಅಂತ. 6.5 ಇದ್ದದ್ದು 4.5 ಆದರೆ ನೂರು ಪಟ್ಟು. ವರದಿಯಲ್ಲಿ ಅರ್ಧ ಅಂಕೆ ಕಮ್ಮಿಯಾಗಿದ್ದರೂ ಸುಮ್ನೆ ಬಿಡುವ ಹಾಗಿಲ್ಲ.

ನಮ್ಮ ಕಡೆ ಮಣ್ಣು ಹುಳಿಯಾಗಲು ಮೊದಲ ಕಾರಣ ಮಳೆ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಸುರಿಯುತ್ತೆ. ಜೇಡಿಮಣ್ಣಿನ ಕಣಗಳ ಮೈಮೇಲೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಶ್ ಅಂಟಿಕೊಂಡಿರುತ್ತವೆ. ಗಿಡಕ್ಕೆ ಬೇಕಾದ ಆಹಾರ ಅದು. ಮಳೆನೀರಿನಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಶುದ್ಧ ಮಳೆನೀರೂ ಸ್ವಲ್ಪ ಹುಳಿಯೇ, ಅದರ ಪಿಎಚ್ ಸುಮಾರು 5.6. ಈ ನೀರು ತಿಂಗಳುಗಟ್ಟಲೆ ಮಣ್ಣಿನೊಳಗೆ ಇಳಿಯುತ್ತಾ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಳಚಿಕೊಂಡು ಬಸಿಗಾಲುವೆ, ಹಳ್ಳ, ಹೊಳೆ ಸೇರುತ್ತೆ. ಖಾಲಿಯಾದ ಜಾಗದಲ್ಲಿ ಹೈಡ್ರೋಜನ್ ಮತ್ತು ಅಲ್ಯೂಮಿನಿಯಂ ಬಂದು ಕೂರುತ್ತವೆ. ಲಕ್ಷಾಂತರ ವರ್ಷ ಹೀಗೇ ತೊಳೆದು ತೊಳೆದು ಉಳಿದದ್ದೇ ನಮ್ಮ ಜಂಬಿಟ್ಟಿಗೆ ಮಣ್ಣು. ದಕ್ಷಿಣ ಕನ್ನಡದವರು ಮುರಕಲ್ಲು ಅಂತ, ಉತ್ತರ ಕನ್ನಡದವರು ಚಿರೆಕಲ್ಲು ಅಂತ ಮನೆ ಕಟ್ಟುವುದು ಇದನ್ನೇ ಕಡಿದು. ಅದರ ಕೆಂಪು ಬಣ್ಣ ಕಬ್ಬಿಣದ್ದು. ಕಬ್ಬಿಣ, ಅಲ್ಯೂಮಿನಿಯಂ ಎರಡೂ ಮಳೆಗೆ ಕೊಚ್ಚಿಹೋಗದೆ ಉಳಿದುಕೊಂಡಿವೆ.

ಎರಡನೇ ಕಾರಣ ನಾವೇ ಹಾಕುವ ಗೊಬ್ಬರ. ಯೂರಿಯಾ, ಡಿಎಪಿ, ಅಮೋನಿಯಂ ಸಲ್ಫೇಟ್ ಇವೆಲ್ಲ ಮಣ್ಣಿನಲ್ಲಿ ಅಮೋನಿಯಂ ರೂಪ ತಾಳುತ್ತವೆ. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುವಾಗ ಹುಳಿ ಹೊರಬರುತ್ತೆ. ನೈಟ್ರೇಟ್ ಗಿಡಕ್ಕೆ ಸಿಗದೆ ಮಳೆಗೆ ಕೊಚ್ಚಿಹೋದರೆ ಹೋಗುವಾಗ ಜೊತೆಗೆ ಕ್ಯಾಲ್ಸಿಯಂ ಕೂಡ ಕರೆದುಕೊಂಡು ಹೋಗುತ್ತೆ. ಲೆಕ್ಕ ಹಾಕುವುದಾದರೆ, ಯೂರಿಯಾ ಮೂಲಕ ಹಾಕಿದ ಒಂದು ಕಿಲೋ ಸಾರಜನಕದ ಹುಳಿ ಕಳೆಯಲು ಸುಮಾರು 1.8 ಕಿಲೋ ಶುದ್ಧ ಸುಣ್ಣದಕಲ್ಲಿನ ಪುಡಿ ಬೇಕು. ಅದೇ ಸಾರಜನಕ ಅಮೋನಿಯಂ ಸಲ್ಫೇಟ್ ಮೂಲಕ ಬಂದರೆ 5 ಕಿಲೋಗೂ ಜಾಸ್ತಿ.

ಇದನ್ನು ಒಂದು ಎಕರೆ ಅಡಿಕೆ ತೋಟಕ್ಕೆ ಹೊಂದಿಸಿ ನೋಡೋಣ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಅನ್ನೋದು ಶಿಫಾರಸು. ಅಂದರೆ ಎಕರೆಗೆ 54 ಕಿಲೋ ಸಾರಜನಕ, ಸುಮಾರು 117 ಕಿಲೋ ಯೂರಿಯಾ. ಇದರ ಹುಳಿ ಕಳೆಯಲು ಬೇಕಾದ ಸುಣ್ಣ ಹತ್ತಿರ ಹತ್ತಿರ ಒಂದು ಕ್ವಿಂಟಲ್. ಪ್ರತಿ ವರ್ಷ ಒಂದು ಕ್ವಿಂಟಲ್! ಈಗ ಇನ್ನೊಂದು ಶಿಫಾರಸು ನೋಡಿ. ಹುಳಿ ಮಣ್ಣಿನ ಅಡಿಕೆ ತೋಟಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಮರಕ್ಕೆ ಅರ್ಧ ಕಿಲೋ ಸುಣ್ಣ ಅಂತ ಹೇಳುತ್ತಾರಲ್ಲ, ಅದು ಎಕರೆಗೆ 270 ಕಿಲೋ ಆಯಿತು. ವರ್ಷಕ್ಕೆ ಹಂಚಿದರೆ 90ರಿಂದ 135 ಕಿಲೋ. ಎರಡೂ ಲೆಕ್ಕ ಒಂದೇ ಕಡೆ ಬಂದು ನಿಂತಿತು ಅಲ್ವಾ? ಮಳೆ ಮಾಡುವ ಹುಳಿಯನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಅಂದರೆ ಅರ್ಧ ಕಿಲೋ ಅನ್ನೋದು ಮಣ್ಣನ್ನು ಸುಧಾರಿಸುವ ಪ್ರಮಾಣಕ್ಕಿಂತ, ಇರುವ ಸ್ಥಿತಿ ಇನ್ನೂ ಹಾಳಾಗದ ಹಾಗೆ ನೋಡಿಕೊಳ್ಳುವ ಪ್ರಮಾಣ. ಆಗಲೇ 4.5ಕ್ಕೆ ಇಳಿದ ತೋಟಕ್ಕೆ ಅದಷ್ಟೇ ಸಾಕಾಗಲ್ಲ.

ಸುಣ್ಣ ಬಿಟ್ಟು ಬರೀ ಗೊಬ್ಬರ ಸುರಿದರೆ ಕಡೆಗೆ ಏನಾಗುತ್ತೆ ಅನ್ನೋದಕ್ಕೆ ದೀರ್ಘ ಕಾಲದ ಸಾಕ್ಷಿ ಇದೆ. ಇಂಗ್ಲೆಂಡಿನ ರೊಥಮ್‌ಸ್ಟೆಡ್‌ನಲ್ಲಿ 1856ರಲ್ಲಿ ಶುರುವಾದ ಹುಲ್ಲುಗಾವಲಿನ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಅಲ್ಲಿ ಅಮೋನಿಯಂ ಸಲ್ಫೇಟ್ ಹಾಕುತ್ತಾ ಸುಣ್ಣ ಹಾಕದೆ ಬಿಟ್ಟ ತಾಕುಗಳ ಪಿಎಚ್ 4ಕ್ಕಿಂತ ಕೆಳಗೆ ಹೋಗಿ, ಹತ್ತಾರು ಬಗೆಯ ಹುಲ್ಲು, ಗಿಡ ಇದ್ದ ಕಡೆ ಬೆರಳೆಣಿಕೆಯಷ್ಟು ಉಳಿದವು. ನಮ್ಮದೇ ದೇಶದ ರಾಂಚಿಯಲ್ಲಿ, ಬಿರ್ಸಾ ಕೃಷಿ ವಿಶ್ವವಿದ್ಯಾಲಯದ ಹುಳಿ ಮಣ್ಣಿನಲ್ಲಿ ಸೋಯಾ ಮತ್ತು ಗೋಧಿಯ ಮೇಲೆ ದಶಕಗಳಿಂದ ಪ್ರಯೋಗ ನಡೆದಿದೆ. ಬರೀ ಸಾರಜನಕ ಹಾಕಿದ ತಾಕುಗಳ ಇಳುವರಿ ನೆಲಕಚ್ಚಿತು. ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಶ್) ಜೊತೆ ಸುಣ್ಣವನ್ನೂ ಕೊಟ್ಟ ತಾಕುಗಳು ಚೆನ್ನಾಗಿ ಉಳಿದುಕೊಂಡವು.

ನಿಜವಾದ ತೊಂದರೆ ಅಲ್ಯೂಮಿನಿಯಂನದು

ಹುಳಿ ಅಂದರೆ ಬೇರು ಸುಡುತ್ತೆ ಅಂತ ಅನೇಕರು ಅಂದುಕೊಂಡಿದ್ದಾರೆ. ಪಿಎಚ್ ತೀರಾ ಕೆಳಗಿಳಿದರೆ ಅದೂ ಉಂಟು. ಆದರೆ ನಮ್ಮ ತೋಟಗಳಲ್ಲಿ ಕಾಣುವ 4.5, 5ರ ಮಟ್ಟದಲ್ಲಿ ಬೇರಿಗೆ ದೊಡ್ಡ ಶತ್ರು ಅಲ್ಯೂಮಿನಿಯಂ. ಮಣ್ಣಿನಲ್ಲಿ ಅದು ಎಲ್ಲ ಕಡೆ ಇದೆ, ಜೇಡಿಮಣ್ಣಿನ ಕಣದ ರಚನೆಯಲ್ಲೇ ಅದು ಸೇರಿದೆ. ಪಿಎಚ್ 5.5ಕ್ಕಿಂತ ಮೇಲಿದ್ದಾಗ ಗಟ್ಟಿಯಾಗಿ ಕೂತಿರುತ್ತೆ, ಯಾರಿಗೂ ತೊಂದರೆ ಕೊಡಲ್ಲ. 5ಕ್ಕಿಂತ ಕೆಳಗೆ ಹೋಗುತ್ತಿದ್ದ ಹಾಗೆ ಕರಗಿ ನೀರಿಗೆ ಬರುತ್ತೆ. ಕರಗಿದ ಅಲ್ಯೂಮಿನಿಯಂ ಬೇರಿನ ತುದಿಗೆ ವಿಷ.

ಇದನ್ನು ಕಣ್ಣಾರೆ ನೋಡಬಹುದು. ಬೀನ್ಸ್ ಈ ವಿಷಯದಲ್ಲಿ ಬಹಳ ಸೂಕ್ಷ್ಮ. ಅನುಮಾನ ಇರುವ ಜಾಗದಲ್ಲಿ ನಾಲ್ಕು ಬೀನ್ಸ್ ಬೀಜ ಹಾಕಿ, ಮೂರು ವಾರಕ್ಕೆ ಗಿಡವನ್ನು ಮಣ್ಣು ಸಮೇತ ಅಗೆದು, ಬಕೆಟ್ ನೀರಿನಲ್ಲಿ ಅದ್ದಿ ನಿಧಾನಕ್ಕೆ ಬೇರು ತೊಳೆಯಿರಿ. ಒಳ್ಳೆ ಮಣ್ಣಿನ ಬೇರು ಬೆಳ್ಳಗೆ, ಸಪೂರ, ಕವಲೊಡೆದು ಕೂದಲಿನ ಹಾಗೆ ಹರಡಿರುತ್ತೆ. ಅಲ್ಯೂಮಿನಿಯಂ ಹೊಡೆತ ತಿಂದ ಬೇರು ಗಿಡ್ಡ, ದಪ್ಪ. ತುದಿ ಮೊಂಡಾಗಿ ಕಂದುಬಣ್ಣಕ್ಕೆ ತಿರುಗಿರುತ್ತೆ. ಸಣ್ಣ ಕವಲುಬೇರು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಬೇರೇ ಊದಿಕೊಂಡು ಗಂಟುಗಂಟಾಗಿದ್ದರೆ ಮಾತ್ರ ಅದು ಜಂತುಹುಳದ (ನೆಮಟೋಡ್) ಕೆಲಸ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಬೇರಿನ ಪಕ್ಕಕ್ಕೆ ಅಂಟಿಕೊಂಡ, ಬೆರಳಲ್ಲಿ ಕಳಚಿಬರುವ ಸಣ್ಣ ಗಂಟು ಬೀನ್ಸ್‌ಗೆ ಸಹಜ.

ಬೇರು ಮೊಂಡಾದ ಮೇಲೆ ಗಿಡಕ್ಕೆ ನೀರೂ ಸಿಗಲ್ಲ, ಗೊಬ್ಬರವೂ ಸಿಗಲ್ಲ. ಮಳೆ ನಿಂತು ಹದಿನೈದು ದಿನಕ್ಕೇ ಬಾಡಲು ಶುರುವಾಗುವ ಗಿಡಗಳಲ್ಲಿ ಎಷ್ಟೋ ಸಲ ತೊಂದರೆ ನೀರಿನದಲ್ಲ, ಆಳಕ್ಕೆ ಇಳಿಯದ ಬೇರಿನದು. ರಂಜಕದ ಕಥೆ ಇನ್ನೂ ಬೇಸರದ್ದು. ಹುಳಿ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಎರಡೂ ರಂಜಕವನ್ನು ಹಿಡಿದು ಕಟ್ಟಿಹಾಕುತ್ತವೆ. ನೀವು ದುಡ್ಡು ಕೊಟ್ಟು ತಂದ ಡಿಎಪಿಯಲ್ಲಿರುವ ರಂಜಕದ ದೊಡ್ಡ ಪಾಲು ಗಿಡದ ಬಾಯಿಗೆ ಬೀಳುವ ಮೊದಲೇ ಮಣ್ಣಿನ ಪಾಲಾಗುತ್ತೆ. ದ್ವಿದಳ ಧಾನ್ಯದ ಬೇರಿನ ಗಂಟಿನಲ್ಲಿ ಸಾರಜನಕ ಹಿಡಿಯುವ ರೈಜೋಬಿಯಂ ಬ್ಯಾಕ್ಟೀರಿಯಾಕ್ಕೂ ಹುಳಿ ಆಗಿಬರಲ್ಲ.

ಕೊಡಗು, ಚಿಕ್ಕಮಗಳೂರು ಕಡೆಯ ಎಸ್ಟೇಟ್ ಬಂಗಲೆಗಳ ಅಂಗಳದಲ್ಲಿ ಹೈಡ್ರೇಂಜಿಯಾ ಹೂವು ನೋಡಿರುತ್ತೀರಿ. ಹುಳಿ ಮಣ್ಣಿನಲ್ಲಿ ಅದು ನೀಲಿ, ಹುಳಿ ಕಮ್ಮಿಯಾದರೆ ಗುಲಾಬಿ. ನೀಲಿ ಬರುವುದು ಗಿಡ ಹೀರಿಕೊಂಡ ಅಲ್ಯೂಮಿನಿಯಂನಿಂದ. ಹೂವಿಗೆ ಚೆಂದ ಕೊಡುವ ಅದೇ ವಸ್ತು ಬೀನ್ಸ್ ಬೇರನ್ನು ಕೊಲ್ಲುತ್ತೆ.

ಇದೆಲ್ಲ ಯಾಕೆ ಹೇಳಿದೆ ಅಂದರೆ, ಸುಣ್ಣ ಹಾಕುವ ಗುರಿ ಇಲ್ಲಿಂದಲೇ ಸಿಗುತ್ತೆ. ನಮ್ಮ ಗುರಿ ಪಿಎಚ್ 7 ಮುಟ್ಟಿಸುವುದಲ್ಲ, ಅಲ್ಯೂಮಿನಿಯಂ ಬಾಯಿ ಮುಚ್ಚಿಸುವುದು. ಸುಣ್ಣ ಮಣ್ಣಿನ ಹುಳಿಯ ಜೊತೆ ಸೇರಿ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತೆ. ಅದರ ಕ್ಯಾಲ್ಸಿಯಂ ಮಣ್ಣಿನ ಕಣದ ಮೇಲೆ ಹೋಗಿ ಕೂರುತ್ತೆ. ಅಲ್ಲಿಂದ ಎದ್ದ ಅಲ್ಯೂಮಿನಿಯಂ ಮತ್ತೆ ಗಟ್ಟಿಯಾಗಿ ಕರಗದ ರೂಪಕ್ಕೆ ಹೋಗುತ್ತೆ. 5.5 ದಾಟಿದರೆ ಈ ಕೆಲಸದ ಹೆಚ್ಚಿನ ಪಾಲು ಮುಗಿಯಿತು. ಅಡಿಕೆ, ಕಾಫಿ, ಮೆಣಸಿಗೆ 6ರ ಆಸುಪಾಸು ಬಂದರೆ ಧಾರಾಳ. ಚಹಾ ಗಿಡಕ್ಕಂತೂ ಹುಳಿ ಮಣ್ಣೇ ಬೇಕು, 4.5ರಿಂದ 5.5 ಅದಕ್ಕೆ ಹಿತ. ಅನಾನಸು ಕೂಡ ಹುಳಿ ತಡೆದುಕೊಳ್ಳುತ್ತೆ.

ಒಂದೇ ಪಿಎಚ್, ಬೇರೆ ಬೇರೆ ಸುಣ್ಣ

ಇಲ್ಲಿ ತುಂಬ ಜನ ಎಡವುತ್ತಾರೆ. ಉಳ್ಳಾಲದ ಕಡೆಯ ಮರಳುಮಣ್ಣಿನ ತೆಂಗಿನ ತೋಟ, ತೀರ್ಥಹಳ್ಳಿಯ ಜೇಡಿಮಣ್ಣಿನ ಅಡಿಕೆ ತೋಟ, ಎರಡರದೂ ಪಿಎಚ್ 5 ಅಂತ ಇಟ್ಟುಕೊಳ್ಳಿ. ಮರಳುಮಣ್ಣಿಗೆ ಸ್ವಲ್ಪ ಸುಣ್ಣ ಸಾಕು. ಜೇಡಿಮಣ್ಣಿಗೆ ಅದರ ಎರಡು ಪಟ್ಟೋ ಮೂರು ಪಟ್ಟೋ ಬೇಕಾಗಬಹುದು. ಯಾಕೆಂದರೆ ಪಿಎಚ್ ತೋರಿಸುವುದು ಮಣ್ಣಿನ ನೀರಿನಲ್ಲಿರುವ ಹುಳಿಯನ್ನು ಮಾತ್ರ. ಅದಕ್ಕಿಂತ ಎಷ್ಟೋ ಪಟ್ಟು ಹುಳಿ ಜೇಡಿ ಕಣಗಳಿಗೆ, ಕೊಳೆತ ಸೊಪ್ಪಿನ ಅಂಶಕ್ಕೆ ಅಂಟಿಕೊಂಡು ಒಳಗೇ ಇರುತ್ತೆ. ಒರತೆ ಜೋರಿರುವ ಬಾವಿಯಿಂದ ಎಷ್ಟು ಕೊಡ ಎತ್ತಿದರೂ ನೀರು ಮತ್ತೆ ಮೊದಲಿನ ಮಟ್ಟಕ್ಕೆ ಬರುತ್ತಲ್ಲ, ಹಾಗೇ ಇದು. ನೀರಿನ ಹುಳಿಯನ್ನು ಸುಣ್ಣ ಕಳೆದ ತಕ್ಷಣ ಒಳಗಿನದು ಬಂದು ಜಾಗ ತುಂಬುತ್ತೆ.

ಒಳಗಿನ ಈ ಹುಳಿಯನ್ನೂ ಅಳೆಯುವ ವಿಧಾನ ಇದೆ. ಶೂಮೇಕರ್, ಮ್ಯಾಕ್ಲೀನ್, ಪ್ರ್ಯಾಟ್ ಅನ್ನುವ ಅಮೆರಿಕದ ಮೂವರು 1961ರಲ್ಲಿ ಒಂದು ಬಫರ್ ದ್ರಾವಣ (ಪಿಎಚ್ ಸುಲಭಕ್ಕೆ ಬದಲಾಗದ ದ್ರಾವಣ) ಬಳಸುವ ಪರೀಕ್ಷೆ ಕೊಟ್ಟರು. ಮಣ್ಣಿಗೆ ಆ ದ್ರಾವಣ ಸೇರಿಸಿದಾಗ ಪಿಎಚ್ ಎಷ್ಟು ಇಳಿಯುತ್ತೆ ಅಂತ ನೋಡಿ, ಎಕರೆಗೆ ಎಷ್ಟು ಸುಣ್ಣ ಬೇಕು ಅಂತ ಪಟ್ಟಿಯಿಂದ ತೆಗೆಯುತ್ತಾರೆ. ನಮ್ಮ ಪ್ರಯೋಗಾಲಯಗಳಲ್ಲೂ ಇದು ಗೊತ್ತಿರುವ ಪರೀಕ್ಷೆ. ಮಣ್ಣು ಕೊಡುವಾಗ "ಸುಣ್ಣದ ಅಗತ್ಯವನ್ನೂ ನೋಡಿ" ಅಂತ ಬಾಯಿಬಿಟ್ಟು ಕೇಳಿ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇರುತ್ತವೆ. ಪಿಎಚ್ ಅದರಲ್ಲಿದೆ. ಕ್ಯಾಲ್ಸಿಯಂ, ಅಲ್ಯೂಮಿನಿಯಂ ಇಲ್ಲ.

ಮಣ್ಣು ತೆಗೆಯುವ ರೀತಿಯೇ ತಪ್ಪಾದರೆ ಯಾವ ಪ್ರಯೋಗಾಲಯವೂ ಏನೂ ಮಾಡಲಾರದು. ಗೊಬ್ಬರ ಹಾಕಿ ಎರಡು ಮೂರು ತಿಂಗಳು ಕಳೆದಿರಬೇಕು. ಗುಡ್ಡದ ಓರೆಯಲ್ಲಿರುವ ತೋಟವಾದರೆ ಮೇಲಿನದು, ತಗ್ಗಿನದು ಬೇರೆ ಬೇರೆ ತೆಗೆಯಿರಿ. ಅಲ್ಲಿ ಮಣ್ಣೇ ಬೇರೆ. ಬಸಿಗಾಲುವೆಯ ಅಂಚು, ಗೊಬ್ಬರ ಗುಂಡಿಯ ಪಕ್ಕ, ಒಲೆ ಬೂದಿ ಸುರಿಯುವ ಜಾಗ ಇವನ್ನು ಬಿಡಿ. ಎಕರೆಗೆ ಎಂಟು ಹತ್ತು ಕಡೆ, ಮರದ ಬುಡದಿಂದ ಎರಡು ಎರಡೂವರೆ ಅಡಿ ದೂರದಲ್ಲಿ, ಮೇಲಿನ ತರಗೆಲೆ ಸರಿಸಿ ಇಂಗ್ಲಿಷಿನ ವಿ ಆಕಾರದಲ್ಲಿ ಒಂಬತ್ತು ಇಂಚು ಗುಂಡಿ ತೋಡಿ. ಗುಂಡಿಯ ಒಂದು ಬದಿಯಿಂದ ಮೇಲಿಂದ ಕೆಳತನಕ ಒಂದೇ ದಪ್ಪಕ್ಕೆ ಮಣ್ಣು ಕೆತ್ತಿ ಪ್ಲಾಸ್ಟಿಕ್ ಬಕೆಟ್‌ಗೆ ಹಾಕಿ. ಎಲ್ಲ ಕಲಸಿ, ವೃತ್ತ ಮಾಡಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಸಾಡಿ. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ. ನೆರಳಲ್ಲಿ ಒಣಗಿಸಿ ಕಟ್ಟಿ. ಬ್ರಹ್ಮಾವರ, ಶಿರಸಿ, ಮೂಡಿಗೆರೆ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮಣ್ಣು ಪರೀಕ್ಷೆ ಬಗ್ಗೆ ಕೇಳಬಹುದು. ಕಾಫಿಯವರಿಗೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ. ನೆಲಕ್ಕೆ ಚುಚ್ಚಿ ನೋಡುವ ಅಗ್ಗದ ಮೀಟರ್‌ಗಳನ್ನು ನಂಬಿ ಲೋಡುಗಟ್ಟಲೆ ಸುಣ್ಣ ತರಿಸಬೇಡಿ.

ಯಾವ ಸುಣ್ಣ

ಅಂಗಡಿಯಲ್ಲಿ ಸುಣ್ಣ ಅಂತ ಕೇಳಿದರೆ ನಾಲ್ಕು ಬೇರೆ ಬೇರೆ ವಸ್ತು ಕೊಡಬಹುದು. ಸುಣ್ಣದಕಲ್ಲನ್ನು ಹಾಗೇ ಪುಡಿ ಮಾಡಿದ್ದು ಒಂದು, ಸಾಮಾನ್ಯವಾಗಿ ಕೃಷಿ ಸುಣ್ಣ ಅಂತ ಮಾರುವುದು ಇದನ್ನೇ. ಕಲ್ಲನ್ನೋ ಚಿಪ್ಪನ್ನೋ ಸುಟ್ಟಿದ್ದು ಇನ್ನೊಂದು. ಸುಟ್ಟದ್ದಕ್ಕೆ ನೀರು ಹಾಕಿ ಅರಳಿಸಿದ್ದು ಮೂರನೆಯದು. ಡೊಲೊಮೈಟ್ ನಾಲ್ಕನೆಯದು. ಇವುಗಳ ಶಕ್ತಿ ಒಂದೇ ಅಲ್ಲ. 100 ಕಿಲೋ ಶುದ್ಧ ಸುಣ್ಣದಕಲ್ಲಿನ ಪುಡಿ ಮಾಡುವ ಕೆಲಸವನ್ನು 74 ಕಿಲೋ ಅರಳಿಸಿದ ಸುಣ್ಣ ಮಾಡುತ್ತೆ, ಸುಟ್ಟ ಸುಣ್ಣವಾದರೆ 56 ಕಿಲೋ ಸಾಕು. ಶಿಫಾರಸು ಯಾವುದರ ಲೆಕ್ಕದಲ್ಲಿದೆ ಅಂತ ನೋಡದೆ ಅದೇ ತೂಕದಲ್ಲಿ ಸುಟ್ಟ ಸುಣ್ಣ ಹಾಕಿದರೆ ಹೆಚ್ಚೂಕಮ್ಮಿ ಎರಡು ಪಟ್ಟು ಹಾಕಿದ ಹಾಗೆ. ಸುಟ್ಟ ಸುಣ್ಣ ಬೇಗ ಕೆಲಸ ಮಾಡುತ್ತೆ ನಿಜ, ಆದರೆ ಬೇರಿಗೂ ಮೈಗೂ ಕಷ್ಟ. ತೋಟದ ಬೆಳೆಗಳಿಗೆ ಕಲ್ಲಿನ ಪುಡಿ ಅಥವಾ ಡೊಲೊಮೈಟ್ ನನ್ನ ಮೊದಲ ಆಯ್ಕೆ.

ಡೊಲೊಮೈಟ್‌ನಲ್ಲಿ ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಇರುತ್ತೆ. ಮಳೆ ಜಾಸ್ತಿ ಇರುವ ಕಡೆ ಎರಡೂ ಕೊಚ್ಚಿಹೋಗಿರುವುದರಿಂದ ಒಂದು ಸಲ ಸುಣ್ಣ, ಇನ್ನೊಂದು ಸಲ ಡೊಲೊಮೈಟ್ ಅಂತ ಬದಲಿಸುವುದು ಒಳ್ಳೆಯದು. ಅದು ನಿಧಾನಕ್ಕೆ ಕರಗುತ್ತೆ, ಅವಸರ ಮಾಡಬಾರದು.

ಪುಡಿ ಎಷ್ಟು ನುಣುಪು ಅನ್ನೋದು ಶುದ್ಧತೆಯಷ್ಟೇ ಮುಖ್ಯ. ಬೆರಳಲ್ಲಿ ಉಜ್ಜಿದಾಗ ಹಿಟ್ಟಿನ ಹಾಗಿರಬೇಕು. ರವೆಯ ಹಾಗೆ ತರಿತರಿ ಇದ್ದರೆ ಅದು ಕರಗಲು ವರ್ಷಗಳೇ ಬೇಕು, ಈ ವರ್ಷಕ್ಕೆ ಲಾಭ ಇಲ್ಲ. ಇನ್ನೊಂದು ಸರಳ ಪರೀಕ್ಷೆ: ಒಂದು ಚಮಚ ಪುಡಿಗೆ ನಿಂಬೆರಸ ಹಿಂಡಿ. ಸುಣ್ಣದಕಲ್ಲಿನ ಪುಡಿಯಾದರೆ ಬುಸುಬುಸು ನೊರೆ ಬರುತ್ತೆ. ಡೊಲೊಮೈಟ್ ಆದರೆ ಬಹಳ ಮೆಲ್ಲಗೆ. ಜಿಪ್ಸಂ ಆದರೆ ಏನೂ ಆಗಲ್ಲ.

ಜಿಪ್ಸಂ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅದೂ ಬಿಳಿ ಪುಡಿ, ಅದರಲ್ಲೂ ಕ್ಯಾಲ್ಸಿಯಂ ಇದೆ, ಬೆಲೆಯೂ ಕಮ್ಮಿ ಅಂತ ಸುಣ್ಣದ ಬದಲು ಹಾಕುವವರಿದ್ದಾರೆ. ಜಿಪ್ಸಂ ಹುಳಿಯನ್ನು ಕಳೆಯಲ್ಲ. ಪಿಎಚ್ ಇದ್ದಲ್ಲೇ ಇರುತ್ತೆ. ಅದು ಮುಖ್ಯವಾಗಿ ಬಯಲುಸೀಮೆಯ ಸವಳು, ಕ್ಷಾರದ ಜಮೀನಿನ ಔಷಧಿ. ವಿಜಯಪುರ, ರಾಯಚೂರಿನ ಎರೆಮಣ್ಣಿನಲ್ಲಿ ಸುಣ್ಣದ ಹರಳು ಮೊದಲೇ ಇರುತ್ತೆ. ಅಲ್ಲಿಗೆ ಸುಣ್ಣ ಹಾಕುವುದು ದುಡ್ಡು ಕೊಟ್ಟು ತೊಂದರೆ ತಂದುಕೊಂಡ ಹಾಗೆ.

ಅಡಿಕೆಯವರ ಮನೆಯಲ್ಲಿ, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡಲು ತಂದ ಸುಣ್ಣ ಇದ್ದೇ ಇರುತ್ತೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲಿ ಕೊಳೆರೋಗದ ಮೇಲೆ ಕೆಲಸ ಮಾಡಿದ ಕಾಲದಿಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ನಮ್ಮ ತೋಟದ ಜೋಡಿ. ಅದಕ್ಕೇ "ಔಷಧಿ ಹೊಡೆಯುವಾಗ ಸುಣ್ಣ ಬೀಳುತ್ತಲ್ಲ, ಮತ್ತೆ ಯಾಕೆ" ಅಂತ ಕೇಳುತ್ತಾರೆ. ನೂರು ಲೀಟರ್ ದ್ರಾವಣಕ್ಕೆ ಒಂದು ಕಿಲೋ ಸುಣ್ಣ. ಒಂದು ಮರಕ್ಕೆ ವರ್ಷಕ್ಕೆ ಐದು ಲೀಟರ್ ಬಿತ್ತು ಅಂದರೂ ಸುಣ್ಣ 50 ಗ್ರಾಂ. ಅದು ಲೆಕ್ಕಕ್ಕೇ ಬರಲ್ಲ. ಬದಲಿಗೆ ವರ್ಷಾವರ್ಷ ನೆಲಕ್ಕೆ ಬೀಳುವ ತಾಮ್ರ ಮಣ್ಣಿನಲ್ಲೇ ಉಳಿಯುತ್ತೆ. ಹುಳಿ ಜಾಸ್ತಿಯಾದಷ್ಟೂ ಆ ತಾಮ್ರ ಕರಗಿ ಬೇರಿಗೆ ತಾಗುತ್ತೆ. ಸುಣ್ಣ ಹಾಕಲು ಇದೂ ಒಂದು ಕಾರಣ. ಹಾಗೇ, ಗಾಳಿ ತಾಗಿ ಪುಡಿಯಾಗಿ ಬೋರ್ಡೋಗೆ ಆಗಿಬರದ ಹಳೆ ಸುಣ್ಣವನ್ನು ಬಿಸಾಡಬೇಡಿ. ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದಕಲ್ಲಿನ ರೂಪಕ್ಕೆ ಬಂದಿರುತ್ತೆ, ಮಣ್ಣಿಗೆ ಹೇಳಿಮಾಡಿಸಿದ್ದು.

ಬಚ್ಚಲ ಒಲೆಯ ಬೂದಿಯೂ ಹುಳಿ ಕಳೆಯುತ್ತೆ. ಸುಣ್ಣದ ಅರ್ಧದಷ್ಟೋ ಅದಕ್ಕಿಂತ ಕಮ್ಮಿಯೋ ಶಕ್ತಿ ಅದಕ್ಕೆ, ಜೊತೆಗೆ ಪೊಟ್ಯಾಶ್ ಸಿಗುತ್ತೆ. ಕೈತೋಟಕ್ಕೆ ಅದೇ ಸಾಕು. ಕರಾವಳಿಯಲ್ಲಿ ತರಕಾರಿ, ಮಲ್ಲಿಗೆಗೆ ಸುಡುಮಣ್ಣು (ಕಸ, ತರಗೆಲೆ ಜೊತೆ ಸುಟ್ಟ ಮಣ್ಣು) ಹಾಕುವ ಪದ್ಧತಿಯಲ್ಲೂ ಈ ಬೂದಿಯ ಪಾಲಿದೆ.

ಹಾಕುವ ಕ್ರಮ

ಸುಣ್ಣ ಕೆಲಸ ಮಾಡಲು ತೇವ ಬೇಕು. ಒಣ ಮಣ್ಣಿನಲ್ಲಿ ಅದು ಸುಮ್ನೆ ಕೂತಿರುತ್ತೆ. ಆದರೆ ಜೋರು ಮಳೆಯಲ್ಲಿ ಹಾಕಿದರೆ ಇಳಿಜಾರಿನಲ್ಲಿ ಹರಿದುಹೋಗುತ್ತೆ. ಹಾಗಾಗಿ ಏಪ್ರಿಲ್-ಮೇ ತಿಂಗಳ ಮೊದಲ ಮಳೆ ಬಿದ್ದು ನೆಲ ಹದವಾದಾಗ, ಇಲ್ಲವೇ ಮಳೆ ಬಿಡುವು ಕೊಟ್ಟ ಮೇಲೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆ ಕಾಲ. ಕಾಳುಮೆಣಸಿಗೆ ಕೇರಳ ಕೃಷಿ ವಿಶ್ವವಿದ್ಯಾಲಯ ವರ್ಷ ಬಿಟ್ಟು ವರ್ಷ ಏಪ್ರಿಲ್-ಮೇಯಲ್ಲಿ ಬಳ್ಳಿಗೆ ಅರ್ಧ ಕಿಲೋ ಅಂತ ಹೇಳುತ್ತೆ.

ಕಾಂಡಕ್ಕೆ ತಾಗಿಸಿ ರಾಶಿ ಹಾಕುವುದು ಎಲ್ಲ ಕಡೆ ಕಾಣುವ ತಪ್ಪು. ಅಲ್ಲಿ ಹೀರುವ ಬೇರು ಕಮ್ಮಿ, ಒಂದೇ ಕಡೆ ಬಿದ್ದ ಸುಣ್ಣ ಗಟ್ಟಿ ಪದರ ಕಟ್ಟುತ್ತೆ. ಬುಡದಿಂದ ಮೂರು ಅಡಿವರೆಗೆ ತೆಳ್ಳಗೆ ಎರಚಿ, ಮೇಲಿನ ಎರಡು ಮೂರು ಇಂಚು ಮಣ್ಣಿನಲ್ಲಿ ಬೆರೆಸಿ. ಆಳ ಅಗೆದು ಬೇರು ಕಡಿಯಬಾರದು. ಸುಣ್ಣ ತಾನಾಗಿ ಕೆಳಗಿಳಿಯುವುದು ಬಹಳ ನಿಧಾನ, ವರ್ಷಕ್ಕೆ ಇಂಚಿನ ಲೆಕ್ಕದಲ್ಲಿ. ಅದಕ್ಕೇ ಹೊಸದಾಗಿ ಗಿಡ ನೆಡುವ ಸಮಯ ಇದೆಯಲ್ಲ, ಅದು ಮತ್ತೆ ಬಾರದ ಅವಕಾಶ. ಗುಂಡಿ ತುಂಬುವ ಮಣ್ಣಿಗೆ ಆಗಲೇ ಸುಣ್ಣ ಬೆರೆಸಿದರೆ ಮಾತ್ರ ಎರಡಡಿ ಆಳದ ಹುಳಿಯನ್ನು ಮುಟ್ಟಲು ಸಾಧ್ಯ. ತೋಟ ಬೆಳೆದ ಮೇಲೆ ಆ ಆಳಕ್ಕೆ ಹೋಗುವ ದಾರಿ ಇಲ್ಲ.

ಪರೀಕ್ಷೆ ಎಕರೆಗೆ ಒಂದು ಟನ್ ಬೇಕು ಅಂತ ಹೇಳಿದರೂ ಒಂದೇ ಸಲ ಸುರಿಯಬೇಡಿ. ಎರಡು ಮೂರು ವರ್ಷಕ್ಕೆ ಹಂಚಿ. ಒಮ್ಮೆಲೇ ಪಿಎಚ್ ಏರಿದರೆ ಸತು, ಬೋರಾನ್, ಮ್ಯಾಂಗನೀಸ್, ಕಬ್ಬಿಣ ಗಿಡಕ್ಕೆ ಸಿಗದೆ ಹೋಗುತ್ತವೆ. ಎಳೆ ಎಲೆಯ ನರ ಹಸಿರು, ನಡುವೆ ಹಳದಿ ಕಂಡರೆ ಇದನ್ನು ಅನುಮಾನಿಸಬೇಕು. ಹಾಕಿದ ಸುಣ್ಣವನ್ನು ವಾಪಸ್ ತೆಗೆಯಲು ಆಗಲ್ಲ, ಕಮ್ಮಿಯಾದರೆ ಮುಂದಿನ ವರ್ಷ ಹಾಕಬಹುದು.

ಸುಣ್ಣ ಮತ್ತು ಯೂರಿಯಾ, ಡಿಎಪಿಯಂಥ ಗೊಬ್ಬರ ಒಟ್ಟಿಗೆ ಬೇಡವೇ ಬೇಡ. ಸುಣ್ಣ ತಾಗಿದರೆ ಅಮೋನಿಯಂ ಅನಿಲವಾಗಿ ಹಾರಿಹೋಗುತ್ತೆ. ಹಸಿ ಸಗಣಿಗೆ ಸುಣ್ಣ ಬೆರೆಸಿದಾಗ ಮೂಗಿಗೆ ಹೊಡೆಯುವ ಘಾಟು ಅದೇ, ನಿಮ್ಮ ಸಾರಜನಕ ಹೋಗುತ್ತಿರುವ ವಾಸನೆ. ಕನಿಷ್ಠ ಎರಡು ವಾರ, ಸಾಧ್ಯವಾದರೆ ಮೂರು ನಾಲ್ಕು ವಾರ ಅಂತರ ಕೊಡಿ. ಮೊದಲು ಸುಣ್ಣ, ಆಮೇಲೆ ಗೊಬ್ಬರ. ರಾಕ್ ಫಾಸ್ಫೇಟ್ (ರಂಜಕ ಇರುವ ಕಲ್ಲಿನ ಪುಡಿ) ಹಾಕುವವರು ಇನ್ನೂ ಜಾಗ್ರತೆ ವಹಿಸಬೇಕು. ಅದು ಕರಗುವುದೇ ಮಣ್ಣಿನ ಹುಳಿಯಿಂದ. ಅದರ ಜೊತೆಗೇ ಸುಣ್ಣ ಹಾಕಿದರೆ ಕರಗುವುದು ನಿಂತುಹೋಗುತ್ತೆ.

ಎರಚುವವರ ಕಣ್ಣು, ಮೂಗು ಮುಚ್ಚಿರಬೇಕು. ಗಾಳಿ ಇಲ್ಲದ ಬೆಳಗಿನ ಹೊತ್ತು ಒಳ್ಳೆಯದು. ಸುಟ್ಟ ಸುಣ್ಣ ಬೆವರಿದ ಮೈಗೆ ತಾಗಿದರೆ ಸುಡುತ್ತೆ. ಕಣ್ಣಿಗೆ ಬಿದ್ದರೆ ಉಜ್ಜದೆ, ತುಂಬ ನೀರಿನಲ್ಲಿ ಬಹಳ ಹೊತ್ತು ತೊಳೆದು ತಕ್ಷಣ ಡಾಕ್ಟರ ಹತ್ತಿರ ಹೋಗಬೇಕು. ಕೆಲಸಕ್ಕೆ ಬಂದವರಿಗೆ ಕನ್ನಡಕ, ಮಾಸ್ಕ್ ಕೊಡುವುದು ತೋಟದ ಯಜಮಾನರ ಹೊಣೆ.

ಭತ್ತದ ಗದ್ದೆಯ ಲೆಕ್ಕ ಬೇರೆ. ಗದ್ದೆಗೆ ನೀರು ನಿಂತ ಕೆಲವು ವಾರಗಳಲ್ಲಿ ಮಣ್ಣಿನ ಹುಳಿ ತಾನಾಗಿಯೇ ಇಳಿದು ಪಿಎಚ್ 6.5ರ ಹತ್ತಿರ ಬರುತ್ತೆ. ಗಾಳಿ ಸಿಗದ ಮಣ್ಣಿನಲ್ಲಿ ಕಬ್ಬಿಣ ರೂಪ ಬದಲಿಸುವಾಗ ಹುಳಿಯನ್ನು ಖರ್ಚುಮಾಡುತ್ತೆ. ಹಾಗಾಗಿ ಒಣಗಿದ್ದಾಗ ತೆಗೆದ ಮಣ್ಣಿನ ವರದಿ ನೋಡಿ ಗಾಬರಿಯಾಗಬೇಕಿಲ್ಲ. ಆದರೆ ಕರಗಿದ ಕಬ್ಬಿಣವೇ ಅತಿಯಾಗಿ, ನೀರಿನ ಮೇಲೆ ತುಕ್ಕಿನ ಬಣ್ಣದ ಕೆನೆ ಕಟ್ಟಿ, ಎಲೆಯ ಮೇಲೆ ಕಂದು ಚುಕ್ಕೆ ಬರುವ ತಗ್ಗಿನ ಗದ್ದೆಗಳಿವೆ. ಅಲ್ಲಿ ಸುಣ್ಣ ಮತ್ತು ನೀರು ಬಸಿದು ಹೋಗುವ ವ್ಯವಸ್ಥೆ ಎರಡೂ ಬೇಕು. ಕೇರಳದಲ್ಲಿ ಭತ್ತಕ್ಕೆ ಹೆಕ್ಟೇರಿಗೆ 600 ಕಿಲೋ ಸುಣ್ಣವನ್ನು ಎರಡು ಕಂತಿನಲ್ಲಿ, ಮೊದಲ ಉಳುಮೆಗೆ 350, ನಾಟಿಯಾಗಿ ಒಂದು ತಿಂಗಳಿಗೆ 250 ಅಂತ ಕೊಡುತ್ತಾರೆ.

ಒಂದು ಮಾತು ಅಡಿಕೆ ಹಳದಿ ಎಲೆ ರೋಗದ ಬಗ್ಗೆ. ಸುಳ್ಯ, ಶೃಂಗೇರಿ, ಕೊಪ್ಪ ಭಾಗದಲ್ಲಿ ತೋಟಕ್ಕೆ ತೋಟವೇ ಹೋಗುತ್ತಿರುವಾಗ ಸುಣ್ಣ ಹಾಕಿದರೆ ವಾಸಿಯಾಗುತ್ತೆ ಅನ್ನುವ ಮಾತು ಆಗಾಗ ಕೇಳಿಬರುತ್ತೆ. ಆ ರೋಗ ಬರುವುದು ಫೈಟೊಪ್ಲಾಸ್ಮಾ ಅನ್ನುವ ಜೀವಿಯಿಂದ. ಮಣ್ಣು ಸರಿ ಇದ್ದರೆ ಮರಕ್ಕೆ ಸ್ವಲ್ಪ ತಾಕತ್ತು ಉಳಿಯಬಹುದು. ರೋಗಕ್ಕೆ ಸುಣ್ಣ ಮದ್ದಲ್ಲ. ಕಷ್ಟದಲ್ಲಿರುವವರಿಗೆ ಹಾಗೆ ಹೇಳಿ ಚೀಲ ಮಾರುವುದು ಅನ್ಯಾಯ.

ಸುಣ್ಣದ ಜೊತೆಗೇ ಮಾಡಬೇಕಾದ ಇನ್ನೊಂದು ಕೆಲಸ ಸೊಪ್ಪು ಮತ್ತು ಕಾಂಪೋಸ್ಟ್. ಕೊಳೆತ ಸೊಪ್ಪಿನ ಅಂಶ ಕರಗಿದ ಅಲ್ಯೂಮಿನಿಯಂ ಅನ್ನು ಹಿಡಿದಿಟ್ಟು ಅದರ ವಿಷ ಇಳಿಸುತ್ತೆ, ಕ್ಯಾಲ್ಸಿಯಂ ಕೊಚ್ಚಿಹೋಗದ ಹಾಗೆ ನೋಡಿಕೊಳ್ಳುತ್ತೆ. ಸೊಪ್ಪಿನ ಬೆಟ್ಟದಿಂದ ತೋಟಕ್ಕೆ ಹೊದಿಕೆ ಹಾಕುತ್ತಾ ಬಂದ ಉತ್ತರ ಕನ್ನಡದ ತೋಟಗಳಿಗೆ ಈ ಲಾಭ ಸಿಗುತ್ತಾ ಬಂದಿದೆ. ಸಾರಜನಕವನ್ನು ಒಂದೇ ಸಲ ಹಾಕದೆ ಎರಡು ಮೂರು ಕಂತು ಮಾಡಿದರೆ ನೈಟ್ರೇಟ್ ಪೋಲಾಗುವುದೂ ತಗ್ಗುತ್ತೆ, ಹುಳಿಯೂ ತಗ್ಗುತ್ತೆ. ಅಮೋನಿಯಂ ಸಲ್ಫೇಟ್ ಬಳಸುತ್ತಿದ್ದರೆ ಬದಲಿಸಿ.

ಸುಣ್ಣ ಹಾಕಿ ಒಂದು ವರ್ಷಕ್ಕೆ, ಅದೇ ತಿಂಗಳಲ್ಲಿ, ಅದೇ ಜಾಗಗಳಿಂದ ಮತ್ತೆ ಮಣ್ಣು ತೆಗೆದು ಕೊಡಿ. ಮಳೆಗಾಲದ ಮಣ್ಣಿಗೂ ಬೇಸಿಗೆಯ ಮಣ್ಣಿಗೂ ಪಿಎಚ್‌ನಲ್ಲಿ ವ್ಯತ್ಯಾಸ ಬರುವುದರಿಂದ ತಿಂಗಳು ಒಂದೇ ಇರಬೇಕು. ಹಳೆ ವರದಿ, ಹೊಸ ವರದಿ ಪಕ್ಕಪಕ್ಕ ಇಟ್ಟು ನೋಡಿ. 5.5 ದಾಟಿ 6ರ ಕಡೆ ಹೋಗುತ್ತಿದ್ದರೆ ಆ ವರ್ಷ ಸುಣ್ಣ ತರಿಸಬೇಡಿ, ಆ ದುಡ್ಡಿಗೆ ಸೊಪ್ಪು ಹೊರಿಸಿ. ಇನ್ನೂ 5ರ ಕೆಳಗೇ ಇದ್ದರೆ ಉಳಿದ ಕಂತು ಹಾಕಿ.